ಮಗಳ ನಾನೂರು ಕೇಸು

ಪರರ ಮಾತಿಗೆ ಕಿವಿಗೊಡಬಾರದೆಂದು ಟೈಪಿಸ್ಟ್ ಹೆಂಗಸೊಬ್ಬಳು ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದಳು. ಆದರೆ ಮುಂದಿನ ಸೀಟಿನ ಹಿರಿಯರು ತಮ್ಮ ತಂಗಿಗೆ ಹೇಳುತ್ತಿದ್ದುದು ಬಸ್ಸಿಗೆಲ್ಲ ಕೇಳುತ್ತಿತ್ತು.

“ಮಗಳಿಗೆ ಪ್ರಶಸ್ತಿ ಕೊಟ್ಟಮೇಲೆ ಅಪ್ಪ ಅಂತ ನಾನು ಎರಡು ಮಾತಾಡಬೇಕಂತೆ. ಏನಂತ ಮಾತಾಡ್ಲಿ?”

“ಮಗಳು ಡಾಕ್ಟರು ಅನ್ನು, ಅಣ್ಣ.”

“ಯಾರಿಗೂ ಒಂದು ಮಾತ್ರೆ ಕೊಟ್ಟೋಳಲ್ಲ.”

“ಮತ್ತೆ ನಾನೂರು ಕೇಸು ಅಂದಿದ್ದೆಯಲ್ಲ? ಅವಳು ಲಾಯರೂ ಹೌದು ಅಂತ ನಾನು ಬೀದಿಗೆಲ್ಲ ಹೇಳಿಬಿಟ್ಟಿದೀನಿ!”

“ನಿನ್ನ ತಲೆ! ಕಾಯಿಲೆ ಬಿದ್ದೋರಿಗೆ ಅವರು ಕೇಸು ಅಂತಾರೆ. ನಾನೂರು ಜನರ ಮನೆಗೆ ಹೋಗಿ, ಏನು ತಿಂದ್ರಿ, ಏನು ಕುಡಿದ್ರಿ ಅಂತ ಬರ್ಕೊಂಡು ಬಂದಳು. ಕೊನೆಗೆ ಕಾಯಿಲೆಯ ಮೂಲ ಅಂತ ಸಿಕ್ಕಿದ್ದು ಕೊಳಕು ನೀರಿನ ಐಸು. ಕಾಲೇಜು ರಸ್ತೆಯ ಜ್ಯೂಸ್ ಅಂಗಡಿಗಳಿಗೆ ಹೋಗ್ತಿದ್ದ ಐಸು. ಆ ಐಸು ಕಾರ್ಖಾನೆ ಮುಚ್ಚಿಸಿದಳು.”

“ಅಷ್ಟಕ್ಕೇ ಪ್ರಶಸ್ತಿನಾ?”

“ಆಮೇಲೆ ಸಾವಿರಾರು ಜನಕ್ಕೆ ಕಾಯಿಲೆ ಬರಲಿಲ್ಲವಂತೆ.”

“ಅವರಲ್ಲಿ ಒಬ್ಬರನ್ನ ವೇದಿಕೆಗೆ ಕರೀಬಾರದಾ?”

“ಯಾರು ಅಂತ ಅವಳಿಗೇ ಗೊತ್ತಿಲ್ಲ. ಅವರಿಗೂ ಗೊತ್ತಿರಲ್ಲ. ಇದನ್ನ ಮೈಕಿನಲ್ಲಿ ಹೇಗಮ್ಮಾ ಹೇಳೋದು?”

ಟೈಪಿಸ್ಟ್ ಕಿಟಕಿಯಿಂದ ಮುಖ ತಿರುಗಿಸಿದಳು. ಆಗೆಲ್ಲ ಸಂಜೆ ತರಗತಿಗೆ ಮುಂಚೆ ಅವಳು ದಿನಾ ಕಾಲೇಜು ರಸ್ತೆಯಲ್ಲೇ ಜ್ಯೂಸ್ ಕುಡಿಯುತ್ತಿದ್ದಳು. ಐಸು ನಿಂತ ದಿನ ಅಂಗಡಿಯವನ ಮೇಲೆ ರೇಗಿದ್ದಳು. ಹೇಳಲೇ? ತಾನು ಆ ಸಾವಿರಾರು ಜನರಲ್ಲಿ ಒಬ್ಬಳು ಹೌದೋ ಅಲ್ಲವೋ, ಯಾವ ಧೈರ್ಯದ ಮೇಲೆ ಹೇಳುವುದು?

ಅಷ್ಟರಲ್ಲಿ ಸ್ಟಾಪ್ ಬಂತು. ಅಣ್ಣ ತಂಗಿ ಇಬ್ಬರೂ ಎದ್ದರು.

“ಸಾರ್...”

“ಏನಮ್ಮಾ?”

“ಏನಿಲ್ಲ... ನಾನು ಚೆನ್ನಾಗಿದೀನಿ, ಅಂತ.”

ಹಿರಿಯರು ತಬ್ಬಿಬ್ಬಾಗಿ, “ಒಳ್ಳೇದಮ್ಮಾ,” ಎಂದು ಇಳಿದರು.

ಕಿಟಕಿಯ ಕೆಳಗೆ ಅವರ ದನಿ ಕೇಳಿತು.

“ಯಾರೇ ಅದು?”

“ನನಗೇನು ಗೊತ್ತು, ಅಣ್ಣ!”