ಒಂದು ಗೇಣಿಗೆ ಒಂದು ದಮ್ಮು

ಹುನಗುಂದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಳಕಲ್ಲಿನ ಅಕ್ಕ-ತಮ್ಮ ಕುಳಿತಿದ್ದರು, ಇಬ್ಬರೂ ಸೀರೆ ನೇಯುವವರು. ಇ-ಸಿಗರೇಟು ಆಗಿನ್ನೂ ನಿಷೇಧವಾಗಿರಲಿಲ್ಲ. ಆಗಬಹುದೆಂದು ಪತ್ರಿಕೆಯಲ್ಲಿ ಬಂದಿತ್ತು. ತಮ್ಮ ಆ ಸುದ್ದಿಯನ್ನೇ ಅಕ್ಕನಿಗೆ ತೋರಿಸುತ್ತಿದ್ದ.

“ಸಿದ್ದಕ್ಕಾ, ಸರಕಾರ ಇ-ಸಿಗರೇಟ್ ಬಂದ್ ಮಾಡತೈತಂತ.”

“ಮಾಡ್ಲಿ ಬಿಡೋ ಈರಪ್ಪಾ.”

“ಬಿಡೋ ಅಂದ್ರ? ಇದು ಸಿಕ್ಕಿದ್ದಕ್ಕ ಬೀಡಿ ಬಿಟ್ಟೇನಿ. ಇದು ಹೋದ್ರ ಮತ್ತ ಬೀಡಿನ. ಬೀಡಿ ಹಚ್ಚಿದ್ರ ಮಗ್ಗಕ್ಕ ಕೂಡಬ್ಯಾಡ ಅಂದಾಕಿ ನೀನ.”

“ಈಗೂ ಅಂತೇನಿ. ಕಿಡಿ ಬಿದ್ದು ರೇಷ್ಮಿ ಸೆರಗು ತೂತಾದಾಗ ಅತ್ತಾಕಿ ನಾ.”

“ಇದರಾಗ ಕಿಡಿ ಇಲ್ಲಲ್ಲ! ಯಾವ ಕಾನೂನು ಬಂದ್ರೂ ನಾ ಬಿಡಾಂವಲ್ಲ. ಕದ್ದು ಸೇದ್ತೇನಿ.”

“ಪೊಲೀಸರು ಒಯ್ದ್ರ?”

“ಒಯ್ಲಿ. ಠಾಣೇದಾಗ ಮಗ್ಗ ಹೂಡ್ತೇನಿ.”

“ಭಾರಿ ಶೂರ! ತಾ ಇಲ್ಲಿ ಅದನ್ನ.”

ಅವನು ಕಿಸೆಯಿಂದ ಪೆನ್ನಿನಂಥದೊಂದನ್ನು ತೆಗೆದುಕೊಟ್ಟ. ಆಕೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಸರಕಾರದ್ದು ಯಾವಾಗರ ಬರ್ಲಿ, ನನ್ನ ಕಾನೂನು ಇವತ್ತಿಂದ. ಒಂದು ಗೇಣು ನೇಯ್ದ್ರ ಒಂದು ದಮ್ಮು.”

“ಒಂದು ಗೇಣಿಗೆ ಒಂದ ಏನು?”

“ನಾಳೆ ಎರಡು ಗೇಣಿಗೆ ಒಂದು. ನಾಡದ ಮೂರಕ್ಕ. ಅವರು ಬಂದ್ ಮಾಡೂದ್ರಾಗ ಇಡೀ ಸೀರಿಗೆ ಒಂದು.”

“ನಿನ್ನಕಿಂತ ಸರಕಾರನ ಚಲೋ!”

ಇಳಕಲ್ ಬಸ್ ಬಂತು. ಆಕೆ ಎದ್ದಳು, ಅವನು ಚೀಲ ಹೊತ್ತು ಹಿಂದೆ ನಡೆದ.

“ಗೇಣು ಯಾರದು, ಯಕ್ಕಾ? ನಿಂದ ಹಿಡಿಯೂಣು. ನಿನ್ನ ಕೈ ಸಣ್ಣದೈತಿ.”

ಆಕೆ ಬಸ್ಸಿನ ಮೆಟ್ಟಿಲ ಮೇಲೆ ತಿರುಗಿ ನಿಂತು, ಅವನ ಕೈ ಹಿಡಿದು ಬೆರಳುಗಳನ್ನು ಅಗಲಿಸಿದಳು.

“ನಿಂದ,” ಎಂದು ಒಳಗೆ ಹೋದಳು.