ಒಂದು ಬೆರಳು ಇಳಿದ ನೀರು

ಅವತ್ತು ನಮ್ಮ ದೊಡ್ಡಮ್ಮನ ಮಗಳು, ಅಕ್ಕ, ಕಾಲೇಜಿನ ಲ್ಯಾಬಿಗೆ ಬೀಗ ಹಾಕಿ ಹೊರಟಾಗ ಸರಿರಾತ್ರಿ. ಲ್ಯಾಬಿನ ಹಿಂದಿನ ಬಾವಿಯ ಪಕ್ಕದಲ್ಲೇ ಹಾದು ಬರಬೇಕು. ಬೇರೆ ದಾರಿ ಇಲ್ಲ. ಬಾವಿಗೆ ಕಬ್ಬಿಣದ ಜಾಲರಿ, ಅದಕ್ಕೆ ಬೀಗ. ಒಳಗೆ ನೀರಿನ ಮಟ್ಟ ಅಳೆಯುವ ಮೀಟರ್. ಅಂತರ್ಜಲದ ಸಂಶೋಧನೆಗೆಂದು ಅವಳೇ ಇಳಿಬಿಟ್ಟದ್ದು.

ಬಾವಿ ದಾಟಿದಳು. ಆಗ ಕೇಳಿಸಿತು.

ತೊಟ್... ತೊಟ್...

ಹನಿ ನೀರಿಗೆ ಬೀಳುವ ಸದ್ದಲ್ಲ. ಕಲ್ಲಿನ ಮೇಲೆ ಬೀಳುವ ಸದ್ದು. ಅವಳ ಬೆನ್ನ ಹಿಂದೆಯೇ.

ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಕಂಪ್ಯೂಟರಿನಲ್ಲಿ ಮೀಟರಿನ ಅಂಕಿ ತೆರೆದರೆ... ಸರಿಯಾಗಿ ಆ ಹೊತ್ತಿಗೇ ನೀರು ಒಂದು ಬೆರಳು ಇಳಿದಿತ್ತು. ತುಂಬಿದ ತೊಟ್ಟಿಯಿಂದ ಒಬ್ಬರು ಎದ್ದರೆ ಇಳಿಯುತ್ತಲ್ಲ, ಹಾಗೆ. ಬೆಳಕು ಹರಿಯುವ ಮುಂಚೆ ಮತ್ತೆ ಅಷ್ಟೇ ಏರಿತ್ತು. ಹಿಂದಿನ ರಾತ್ರಿಗಳಲ್ಲೂ ಹಾಗೇ.

ಅವಳ ಸಂಶೋಧನೆ ನೋಡಿಕೊಳ್ಳುವ ಪ್ರೊಫೆಸರ್ ನಕ್ಕರು. "ಮೀಟರ್ ಕೆಟ್ಟಿದೆ ಕಣಮ್ಮ. ರಾತ್ರಿಯ ಅಂಕಿ ತೆಗೆದುಹಾಕು."

ಮೀಟರ್ ಬದಲಿಸಿದಳು. ಮತ್ತೆ ಒಂದು ಬೆರಳು. ಇನ್ನೊಂದು ತಂದು ಹಾಕಿದಳು. ಅದೂ ಅದನ್ನೇ ಹೇಳಿತು.

"ತೆಗೆದುಹಾಕು ಅಂದೆನಲ್ಲ?"

ಅಕ್ಕ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಅವತ್ತು ಬಿಟ್ಟಳು. "ಹಗಲಿನ ಅಂಕಿ, ಸರ್?"

"ಅದು ಸರಿಯಾಗಿದೆ."

"ಎರಡೂ ಅದೇ ಮೀಟರಿನದು. ಹಗಲಿನದು ನಿಮ್ಮ ವಾದಕ್ಕೆ ಹೊಂದಿತು, ಅದಕ್ಕೇ ಒಂದು ಸಲವೂ ಪರೀಕ್ಷೆ ಮಾಡಿಸಲಿಲ್ಲ. ಅನುಮಾನ ಪಡೋದಾದರೆ ಎರಡರ ಮೇಲೂ ಪಡೋಣ. ತೆಗೆಯೋದಾದರೆ ಎರಡೂ ತೆಗೀತೀನಿ."

"ಓಹೋ! ದೆವ್ವ ಅಂತ ಬರೀತೀಯೇನು?"

"ಇಲ್ಲ ಸರ್. ನೀರು ಇಳೀತು ಅಂತ ಬರೀತೀನಿ."

"ಬರೆದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಇವತ್ತು ರಾತ್ರಿ ಬಂದು ನೋಡಿ. ಆಮೇಲೆ ಓಡಿಸುವಿರಂತೆ."

ಬಂದರು. ಅವರ ಕೈಯಲ್ಲಿ ಟಾರ್ಚು, ಇವಳ ಕೈಯಲ್ಲಿ ಲ್ಯಾಪ್‌ಟಾಪು. ಗಾಳಿಯ ಸುಳಿವಿಲ್ಲ.

ಕಿರ್ರ್... ಜಾಲರಿ. ಬೀಗ ಮಾತ್ರ ಹಾಕಿದ ಹಾಗೇ ಇತ್ತು.

ತೊಟ್... ತೊಟ್...

ಸದ್ದು ಹತ್ತಿರ ಬಂತು. ಇಬ್ಬರ ನಡುವೆ ಹಾದುಹೋಯಿತು. ಗೇಟಿನ ಕಡೆಗೆ.

"ಸರ್... ಕೇಳಿಸಿತಾ?"

"ಇಲ್ಲ."

"ಮತ್ತೆ ಯಾಕೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿರಿ?"

ಲ್ಯಾಪ್‌ಟಾಪಿನಲ್ಲಿ ನೀರು ಒಂದು ಬೆರಳು ಇಳಿದಿತ್ತು.

ಮಾರನೇ ದಿನ ಅಕ್ಕ ಹಗಲು, ರಾತ್ರಿ ಎರಡರ ಅಂಕಿಯನ್ನೂ ಸೇರಿಸಿಯೇ ವರದಿ ಕೊಟ್ಟಳು. ಕೆಲಸ ಹೋಯಿತು. "ಹೋದರೆ ಹೋಗಲಿ, ಒಂದು ಅಂಕಿಯನ್ನೂ ಅಳಿಸಿಲ್ಲ," ಅಂದಳು.

ಕಟ್ಟುಕತೆ ಅನ್ನುವವರು ಅನ್ನಲಿ. ನಡೆದದ್ದು ಇದೇ. ಮೀಟರ್ ಇನ್ನೂ ಅಲ್ಲೇ ಇದೆ, ಹೋಗಿ ನೋಡಿ. ಪ್ರೊಫೆಸರ್ ದಾರಿ ಬಿಟ್ಟ ರಾತ್ರಿ ಇಳಿದ ನೀರು... ಬೆಳಗಾದ ಮೇಲೂ ಏರಲಿಲ್ಲ.