ಅಮ್ಮನ ದನಿ ಇಟ್ಟ ಜಾಗ

ಗಂಟಲು ಡಾಕ್ಟರ ಕೋಣೆಯ ಹೊರಗೆ ಕೂತಿದ್ದ ದರ್ಜಿಗೆ, ಹಿಂದಿನ ಬೆಂಚಿನ ಅಕ್ಕ-ತಮ್ಮನ ಪಿಸುಪಿಸು ಕಿವಿಗೆ ಬಿದ್ದಿದ್ದೇ ತಡ, ತನ್ನ ಕೆಮ್ಮೇ ಮರೆತುಹೋಯಿತು.

"ಎಲ್ಲಾ ಹೋಯ್ತು ಕಣೇ ಅಕ್ಕಾ. ಕ್ಲೌಡ್ ಸರ್ವರ್‌ನಲ್ಲಿದ್ದ ಹಳೇ ಕಂಟೇನರ್ ಅಳಿಸಿ ಹೊಸದು ಹಾಕ್ದೆ. ಅಮ್ಮನ ಒಂದು ರೆಕಾರ್ಡಿಂಗೂ ಕಾಣಿಸ್ತಿಲ್ಲ."

"ಇವತ್ತೇ ನಿಂಗೆ ಕೈ ತುರಿಸ್ಬೇಕಿತ್ತಾ? ಆಪರೇಷನ್‌ನಲ್ಲಿ ಅಮ್ಮನ ದನಿ ಹೋಗುತ್ತೆ. ಆಮೇಲೆ ಅವಳದೇ ದನೀಲಿ ಮಾತಾಡೋ ಮೆಷಿನ್‌ಗೆ ಅವೇ ಬೇಕು ಕಣೋ!"

"ಬೈಬೇಡ್ವೇ. ಜೀವ ಬಾಯಿಗೆ ಬಂದಿದೆ."

"ತಾಳು. ಕಂಟೇನರ್ ಅಂದ್ರೆ ಬರೀ ಪ್ರೋಗ್ರಾಂ ಇರೋ ಡಬ್ಬಿ, ಎಷ್ಟು ಸಲ ಬೇಕಾದ್ರೂ ಎಸೀಬಹುದು. ರೆಕಾರ್ಡಿಂಗ್ ಇರೋದು ದೂರದ ಸ್ಟೋರೇಜ್‌ನಲ್ಲಿ, ನಾನೇ ಇಟ್ಟಿದ್ದು. ಹೊಸ ಡಬ್ಬಿಗೆ ಅಲ್ಲಿಗೆ ಹೋಗೋ ದಾರಿ ಹೇಳಿದ್ಯಾ?"

"ಇಲ್ಲ..."

"ಮತ್ತೆ ಅದಕ್ಕೇನು ಕನಸು ಬೀಳುತ್ತಾ? ಕೊಡಿಲ್ಲಿ ಲ್ಯಾಪ್‌ಟಾಪ್."

ಕೀಬೋರ್ಡ್ ಸ್ವಲ್ಪ ಹೊತ್ತು ಟಕಟಕ ಅಂತು. ಆಮೇಲೆ ಲ್ಯಾಪ್‌ಟಾಪ್‌ನಿಂದ ಹೆಂಗಸೊಬ್ಬಳ ಗಟ್ಟಿ ದನಿ ಇಡೀ ಹಜಾರಕ್ಕೆ ಕೇಳಿಸಿತು: "ಊಟಕ್ಕೆ ಬರ್ತೀರೋ, ಇಲ್ಲ ತಟ್ಟೆ ಎತ್ತಿಡ್ಲೋ?"

ಸ್ಕ್ಯಾನ್ ಮುಗಿಸಿ ಬಂದ ಅವರಮ್ಮ ಬಾಗಿಲಲ್ಲೇ ನಿಂತಳು.

"ಇಷ್ಟು ಜೋರಾಗಿ ಕಿರುಚ್ತೀನೇನ್ರೋ ನಾನು?" ಅವಳ ಒಡಕು ದನಿ ದರ್ಜಿಗೆ ಕಷ್ಟಪಟ್ಟು ಕೇಳಿಸಿತು.

"ಹೂಂ. ಇನ್ಮೇಲೂ ಹಾಗೇ ಕಿರುಚ್ಬೇಕು. ನಡಿಯಮ್ಮಾ, ಡಾಕ್ಟರ್ ಕರೀತಿದಾರೆ," ಅಂದಳು ಮಗಳು.